ಗೋಪುರದ ನಡುವಿನ ಖಾಲಿ ಚೌಕ

ಯಾವ ಬಟ್ಟೆ ಕೈಗೆ ಸಿಕ್ಕರೂ ನನ್ನ ಚಿಕ್ಕಮ್ಮ, ಚಿಗವ್ವ, ಮೊದಲು ಅದನ್ನು ತಿರುಗಿಸಿ ಬೆನ್ನು ನೋಡುತ್ತಿದ್ದಳು. ಮದುವೆಯಲ್ಲಿ ಉಡುಗೊರೆ ಬಂದ ಆಹೇರಿ ಸೀರೆಯಾಗಲಿ, ಮಂದಿಯ ಮನೆಯ ಬಾಗಿಲ ಪರದೆಯಾಗಲಿ, ಪಕ್ಕದಲ್ಲಿ ಕುಳಿತ ಹೆಂಗಸಿನ ಸೆರಗಾಗಲಿ, ಅವಳ ಎರಡು ಬೆರಳು ಅಂಚನ್ನು ಹಿಡಿದು ಮಗುಚಿಬಿಡುತ್ತಿದ್ದವು. ಮುಖ ನೋಡುವುದು ಆಮೇಲೆ. "ಮಾರಿಗೆ ಎಲ್ಲಾರೂ ಪೌಡರ್ ಹಚ್ಚತಾರ, ಬೆನ್ನಿಗೆ ಯಾರು ಹಚ್ಚತಾರ?" ಎನ್ನುತ್ತಿದ್ದಳು. ಒಮ್ಮೆ ಸಾಹೇಬರೊಬ್ಬರ ಹೆಂಡತಿಯ ಸೆರಗನ್ನು ಆರತಿಯ ಸಾಲಿನಲ್ಲಿಯೇ ಮಗುಚಿ ನೋಡಿ, "ಗಂಟು ಐತಿ" ಎಂದು ತೀರ್ಪು ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಹೆಂಗಸು ಮುಂದೆ ಮೂರು ವರ್ಷ ಆ ಸೀರೆಯನ್ನು ಮುಟ್ಟಲಿಲ್ಲ ಎಂದು ನಾನು ಹೇಳುತ್ತ ಬಂದಿದ್ದೇನೆ. ಮೂರು ವಾರವಿರಬಹುದು.

ಚಿಗವ್ವನದು ಕಸೂತಿಯ ಕೈ. ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವಂತಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಸೂಜಿ ಹಾಕಬೇಕು. ಗಂಟು ಹಾಕುವಂತಿಲ್ಲ. ದಾರ ಒಂದು ಹೆಜ್ಜೆ ಇಟ್ಟು, ಒಂದು ಹೆಜ್ಜೆ ಬಿಟ್ಟು ಮುಂದೆ ಹೋಗುತ್ತದೆ. ಹೋದ ದಾರಿಯಲ್ಲಿಯೇ ಹಿಂದಿರುಗುತ್ತ, ಬಿಟ್ಟ ಹೆಜ್ಜೆಗಳನ್ನೆಲ್ಲ ತುಂಬುತ್ತ, ಹೊರಟಲ್ಲಿಗೇ ಬಂದು ಸೇರುತ್ತದೆ. ಸರಿಯಾಗಿ ಹಾಕಿದ್ದರೆ ಮುಖ ಯಾವುದು, ಬೆನ್ನು ಯಾವುದು ಎಂದು ಹೇಳಲಾಗದು. ಚಿಗವ್ವ ಹಾಕಿದ ಸೀರೆಯನ್ನು ಒಳಹೊರಗಾಗಿ ಉಟ್ಟು ಜಾತ್ರೆ ಮದುವೆ ಎಲ್ಲ ಮುಗಿಸಿ ಬಂದವರು ನೂರು ಜನರಿದ್ದಾರೆ. ಒಬ್ಬಳಂತೂ ಖಂಡಿತ ಇದ್ದಾಳೆ, ಅವಳು ನನ್ನ ತಾಯಿ.

ನನ್ನ ವಿಷಯ ಹೇಳದೆ ಈ ಕತೆ ಮುಂದೆ ಸಾಗುವುದಿಲ್ಲ. ಹೇಳುವುದಕ್ಕೆ ನನಗೆ ಬೇಸರವೂ ಇಲ್ಲ. ಆ ಊರಿನಲ್ಲಿ ನನಗೆ ಬಾರದ ವಿದ್ಯೆಗಳು ಎರಡೇ ಇದ್ದವು: ಈಜುವುದು ಮತ್ತು ಸುಮ್ಮನಿರುವುದು. ಓಣಿಯ ತುದಿಯಲ್ಲಿ ನನ್ನದೊಂದು ರಬ್ಬರ್ ಮುದ್ರೆಯ ಅಂಗಡಿ. ಊರಿನ ಅರ್ಧ ಸರಕಾರ ನನ್ನ ಮುದ್ರೆಗಳ ಮೇಲೆಯೇ ನಡೆಯುತ್ತಿತ್ತು. ಮುದ್ರೆಗಳನ್ನು ಯಂತ್ರಗಳೇ ಕೊರೆಯತೊಡಗಿದ ಮೇಲೆ ನಾನು ಕೈಕಟ್ಟಿ ಕೂರುವ ಮನುಷ್ಯನಲ್ಲವಲ್ಲ. ಚಿತ್ರ ಬರೆಯಲು ಬಾರದವರಿಗಾಗಿಯೇ ಮಾಡಿದ ಒಂದು ಸಲಕರಣೆಯನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಒಮ್ಮೆ ಕೊಂಡರೆ ಸಾಯುವತನಕ ಮತ್ತೆ ಹಣ ಕೇಳುವುದಿಲ್ಲ, ಬೆಲೆಯೂ ಒಂದು ಜೊತೆ ಚಪ್ಪಲಿಯಷ್ಟು. ಅದರಲ್ಲಿ ಹೂವಿತ್ತು, ಚೌಕಟ್ಟಿತ್ತು, ನೂರೆಂಟು ಅಕ್ಷರಗಳಿದ್ದವು. ಸೊಟ್ಟಗೆ ಎಳೆದರೆ ಅದೇ ನೆಟ್ಟಗೆ ಮಾಡುತ್ತಿತ್ತು. ಜನ್ಮದಲ್ಲಿ ಒಂದು ಮಾವಿನಕಾಯಿ ಬರೆಯಲಾರದ ನಾನು ಎರಡು ವಾರದಲ್ಲಿ ನಾಮಕರಣದ ಕರೆಯೋಲೆ, ಮಗ್ಗಿಯ ಹಾಳೆ, ಕಿರಾಣಿ ಚೀಟಿ, ವ್ರತದ ದಿನಗಳ ಪಟ್ಟಿ ಎಲ್ಲವನ್ನೂ ಬರೆದು ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟೆ. ಕೊಂಡವರು ತಮ್ಮ ಮನೆಯಲ್ಲಿ ಅಚ್ಚು ಹಾಕಿಕೊಳ್ಳಬೇಕು. ನಾನು ಏನನ್ನೂ ಕಟ್ಟಬೇಕಿಲ್ಲ, ಕಳಿಸಬೇಕಿಲ್ಲ.

ಇದನ್ನು ಚಿಗವ್ವನಿಗೆ ತಿಳಿಸಿ ಹೇಳಲು ಅರ್ಧ ದಿನ ಹಿಡಿಯಿತು.

"ಮಾರಿದ ಮ್ಯಾಲ ಅದು ಯಾರ ಹತ್ರ ಇರತೈತಿ?"

"ಕೊಂಡವರ ಹತ್ರ. ನನ್ನ ಹತ್ರಾನೂ."

"ಇಬ್ಬರ ಹತ್ರಾನೂ? ಹಂಗಾದ್ರ ಮಾರಿದ್ದೇನೋ ತಮ್ಮಾ?"

"ಅದ ನೋಡು ಚಿಗವ್ವಾ ಮಜಾ. ಎಷ್ಟ ಕೊಟ್ಟರೂ ಅಂಗಡ್ಯಾಗ ಕಡಿಮಿ ಆಗಂಗಿಲ್ಲ."

"ಮತ್ತ ಬ್ಯಾಡ ಅನಿಸಿದ್ರ ವಾಪಸ್ ತೊಗೊಳ್ಳಾಕ ಬರತೈತೇನು?"

ಆ ಪ್ರಶ್ನೆಗೆ ನಾನು ನಕ್ಕುಬಿಟ್ಟೆ. ಮಾರಿದ್ದನ್ನು ಯಾವ ವ್ಯಾಪಾರಿ ವಾಪಸು ತೆಗೆದುಕೊಳ್ಳಲು ಬಯಸುತ್ತಾನೆ?

ಅವಳು ಸುಮ್ಮನೆ ಕೇಳಿದ್ದಲ್ಲ. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣು ಹೋಗುವ ದಾರಿಯಲ್ಲಿತ್ತು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಒಳಗಿನ ನರದ ಬೇನೆ, ಇದ್ದಷ್ಟು ದಿನ ನೋಡಿಕೊಳ್ಳಿರಿ ಎಂದು ವೈದ್ಯರು ಹೇಳಿಯಾಗಿತ್ತು. ಅವಳ ತಾಯಿಯಿಂದ ಬಂದ ಇಪ್ಪತ್ತೊಂದು ನಮೂನೆಗಳು ಅವಳ ಬಳಿ ಇದ್ದವು: ಗೋಪುರ, ತುಳಸಿಕಟ್ಟೆ, ತೊಟ್ಟಿಲು, ಎದುರುಬದುರು ನವಿಲು, ಅಂಬಾರಿ, ಇನ್ನೂ ಏನೇನೋ. ಎಲ್ಲವನ್ನೂ ಅವಳ ತಾಯಿ ಒಂದು ಕಪ್ಪು ಚಂದ್ರಕಾಳಿ ಸೀರೆಯ ತುಂಡಿನ ಮೇಲೆ ಸಾಲಾಗಿ ಹಾಕಿಟ್ಟಿದ್ದಳು. ನೋಡಿ ಕಲಿಯಲು ಅದೊಂದೇ ಪುಸ್ತಕ. ಓಣಿಯ ಹುಡುಗಿಯರು ಎರಡು ದಿನ ಬಂದು ಮೂರನೆಯ ದಿನ ಕತ್ತು ನೋವೆಂದು ಬಿಡುತ್ತಿದ್ದರು. ಸೊಸೆ ಮಹಾದೇವಿ ಹಾಳೆ ನೋಡಿ ಹೊಲಿಯಬಲ್ಲಳು, ಆದರೆ ಎಳೆಯ ಎಣಿಕೆ ಅವಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

"ಒಂದೀಟು ಬೆಳಕು ಐತಿ ಇನ್ನ," ಎಂದಳು ಚಿಗವ್ವ. "ಅದು ಹೋಗೂದರಾಗ ಇವನ್ನ ಯಾರದರ ಕೈಯಾಗ ಇಡಬೇಕೋ ತಮ್ಮಾ. ನನಗ ರೊಕ್ಕ ಬ್ಯಾಡ. ಎಲ್ಲೆರ ಒಬ್ಬಾಕಿ ಕುಂತು ಹಾಕಿದ್ರ ಸಾಕು."

"ಒಬ್ಬಾಕಿ ಯಾಕ," ಎಂದೆ ನಾನು. "ಒಂದು ಲಕ್ಷ ಮಂದಿ ಹಾಕತಾರ. ಬರದಿಟ್ಟುಕೋ."

ಹಾಗೆ ಶುರುವಾಯಿತು. ಕಿಟಕಿಯ ಬಳಿ ಚಾಪೆ ಹಾಸಿ, ಚಂದ್ರಕಾಳಿಯ ತುಂಡನ್ನು ಹರಡಿ, ನಾನು ಪಕ್ಕದಲ್ಲಿ ಕಂಪ್ಯೂಟರು ಇಟ್ಟುಕೊಂಡು ಕೂತೆ. ತೆರೆಯ ಮೇಲೆ ಚೌಕಗಳ ಹಾಳೆ. ಎರಡೆಳೆಗೆ ಒಂದು ಚೌಕ. ಮೊದಲನೆಯ ದಿನ ಗೋಪುರದ ಕಾಲುಭಾಗ ಬರೆಯುವಷ್ಟರಲ್ಲಿ ನನ್ನ ಕಣ್ಣು ತಿರುಗಿತು. ಇಪ್ಪತ್ತೊಂದಕ್ಕೆ ಇಪ್ಪತ್ತೊಂದು ತಿಂಗಳು ಬೇಕಾದೀತು ಅನಿಸಿತು.

ಆಗಲೇ ನನಗೆ ಕನ್ನಡಿ ಗುಂಡಿ ಸಿಕ್ಕಿತು. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ತ್ರಿಕೋನಗಳ ಗುರುತು ಅದಕ್ಕೆ. ಅರ್ಧ ಬರೆದು ಅದನ್ನು ಒತ್ತಿದರೆ, ಕನ್ನಡಿಯಲ್ಲಿ ಕಂಡಂತೆ ಇನ್ನರ್ಧ ತಾನಾಗಿಯೇ ಬಂದು ಪಕ್ಕಕ್ಕೆ ಕೂರುತ್ತಿತ್ತು. ಗೋಪುರದ ಎಡ ಅರ್ಧ ಬರೆದು ಒತ್ತಿದೆ. ಪೂರ್ತಿ ಗೋಪುರ ಎದ್ದು ನಿಂತಿತು. ಆ ಕ್ಷಣ ನನಗೆ ಆದ ಆನಂದವನ್ನು ಜಗತ್ತಿನಲ್ಲಿ ಯಾವ ಶಿಲ್ಪಿಯೂ ಉಂಡಿರಲಾರ. ಅವನು ಎರಡೂ ಕಡೆ ಕೆತ್ತಬೇಕಲ್ಲ, ಪಾಪ.

ಮರುದಿನದಿಂದ ನಾನು ತುಂಡನ್ನು ಪ್ರತಿ ನಮೂನೆಯ ನಟ್ಟನಡುವೆ ಮಡಿಚಿ, ಎಡ ಅರ್ಧವನ್ನಷ್ಟೇ ಮೊಬೈಲಿನಲ್ಲಿ ಫೋಟೋ ತೆಗೆದು, ಅದನ್ನು ನೋಡುತ್ತ ಬರೆಯತೊಡಗಿದೆ. ಮಡಿಕೆ ಸರಿಯದಂತೆ ಚಿಗವ್ವ ಹಿಡಿದುಕೊಂಡಿರುತ್ತಿದ್ದಳು. ಆಗ ಅವಳಿಗೆ ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ.

"ಮಡಚಿದ್ಯಾಕೋ?"

"ಅರ್ಧ ಸಾಕು. ಉಳಿದದ್ದು ಅದ ಮಾಡತೈತಿ."

"ಬಲಗಡಿನೂ ನೋಡೋ ತಮ್ಮಾ."

"ಎಡಗಡಿ ಇದ್ದಂಗ ಬಲಗಡಿ, ಚಿಗವ್ವಾ. ದೇವರು ನಮ್ಮನ್ನೂ ಹಂಗ ಮಾಡಿಲ್ಲೇನು? ಎರಡು ಕಣ್ಣು, ಎರಡು ಕಿವಿ, ಎರಡು ಕೈ."

"ಗುಂಡಿಗಿ ಒಂದ ಕಡಿಗಿ ಇಟ್ಟಾನ," ಎಂದಳು ಅವಳು.

ನಾನು ಜೋರಾಗಿ ನಕ್ಕೆ. ಒಳ್ಳೆಯ ಮಾತೆಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದೆ, ನನ್ನದೇ ಮಾತೆಂಬಂತೆ. ಅವಳು ಮತ್ತೆ ಕೇಳಲಿಲ್ಲ. ನನ್ನೆದುರು ಎರಡನೆಯ ಸಲ ಕೇಳುವುದಕ್ಕೆ ಯಾರಿಗೂ ಎಡೆ ಸಿಗುತ್ತಿರಲಿಲ್ಲ. ಅಷ್ಟು ಹೊತ್ತಿಗೆ ನಾನು ಬೇರೆ ಸಂಗತಿಯಲ್ಲಿ ಮೂರು ಮೈಲು ಮುಂದೆ ಹೋಗಿರುತ್ತಿದ್ದೆ.

ಹದಿನಾರು ದಿನಗಳಲ್ಲಿ ಇಪ್ಪತ್ತೊಂದೂ ಮುಗಿದವು. ಅಂಚಿಗೆ ಸಲಕರಣೆಯ ಬಂಗಾರದ ಬಳ್ಳಿ, ಮೇಲೆ ಕಮಾನಿನಾಕಾರದಲ್ಲಿ ಚಿಗವ್ವನ ಹೆಸರು: "ನೀಲಗಂಗವ್ವನ ಕಸೂತಿ ಕಟ್ಟು." ಮಾರಾಟಕ್ಕಿಟ್ಟ ಸಂಜೆ ಮೊದಲನೆಯದು ಹೋಯಿತು. ವಾರದಲ್ಲಿ ನಲವತ್ತು. ನಾಮಕರಣದ ಕರೆಯೋಲೆಗಳು ವರ್ಷವಿಡೀ ಮಾಡಲಾಗದ್ದನ್ನು ಗೋಪುರ ತಿಂಗಳಲ್ಲಿ ಮಾಡಿತು. ನಾನು ಪ್ರತಿದಿನ ಹೋಗಿ ಚಿಗವ್ವನಿಗೆ ವರದಿ ಒಪ್ಪಿಸುತ್ತಿದ್ದೆ; ನಲವತ್ತು ಹೋದ ದಿನ ನಾಲ್ಕು ನೂರೆಂದೆ.

"ಹಾಕಾಕ ಹತ್ಯಾರೇನು ಅವರು?" ಎಂದು ಅವಳು ಕೇಳುತ್ತಿದ್ದಳು. ಎಷ್ಟು ಹೋದವೆಂದು ಒಂದು ದಿನವೂ ಕೇಳಲಿಲ್ಲ.

"ಮತ್ತ? ರಾತ್ರಿ ಹಗಲು ಹಾಕಾಕ ಹತ್ಯಾರ."

ಆಗ ಮಹಾದೇವಿ ತುಂಬು ಬಸುರಿ. ಕೂಸಿಗೆಂದು ಮನೆಯಲ್ಲಿ ಹಳೆಯ ಬಟ್ಟೆಗಳ ಪದರ ಸೇರಿಸಿ ಕೌದಿ ಹೊಲಿಸುವ ಮಾತು ನಡೆದಿತ್ತು. ನಮ್ಮ ಕಡೆ ಹುಟ್ಟುವ ಕೂಸಿನ ಕೌದಿಯಲ್ಲಿ ಮನೆಯ ಹಿರಿಯ ಹೆಂಗಸಿನ ಹಳೆಯ ಬಟ್ಟೆ ಇರಬೇಕು. ಉಟ್ಟು ಉಟ್ಟು ಮೆತ್ತಗಾದ ಬಟ್ಟೆ ಕೂಸಿನ ಮೈಗೆ ಒಳ್ಳೆಯದೆಂದೂ, ಹಿರಿಯರ ಆಯುಷ್ಯ ಅದರ ಮೂಲಕ ಇಳಿಯುತ್ತದೆಂದೂ ನಂಬಿಕೆ. ಕೌದಿಯವಳು ಬಂದು ಕೂತಾಗ ಚಿಗವ್ವ ಚಂದ್ರಕಾಳಿಯ ತುಂಡನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಇದನ್ನ ಹಾಕಬೇಕಂತ ಆಸೆ ಐತಿ," ಎಂದು ನನ್ನ ಕಡೆ ತಿರುಗಿದಳು. "ನಮ್ಮವ್ವ ಉಟ್ಟದ್ದು. ಆದ್ರ ಇದರ ಕೆಲಸ ಮುಗದೈತೇನೋ ತಮ್ಮಾ? ನೀ ಅಂದ್ರ ಹಾಕತೀನಿ."

ಎಷ್ಟೋ ಸಲ ಈ ಮಾತನ್ನು ನಾನು ಮನಸ್ಸಿನಲ್ಲಿ ಕೇಳಿದ್ದೇನೆ. ಪ್ರತಿಸಲವೂ ಅವಳ ದನಿ ಇನ್ನಷ್ಟು ನಿಧಾನವಾಗಿರುತ್ತದೆ, ಬೇರೆ ಉತ್ತರ ಕೊಡಲು ನನಗೆ ಇನ್ನಷ್ಟು ಸಮಯವಿರುತ್ತದೆ.

"ಮುಗದೈತಿ," ಎಂದೆ. "ಬಟ್ಟಿಗೆ ನುಸಿ ಹತ್ತತಾವ, ಸವೀತೈತಿ. ನಾ ಮಾಡಿದ್ದಕ್ಕ ನುಸಿನೂ ಇಲ್ಲ, ಸಾವೂ ಇಲ್ಲ. ಭೂಮಿ ಮುಳುಗಿದ್ರೂ ಅವು ಆಕಾಶದಾಗ ಇರತಾವ."

ಕೌದಿಯವಳು ಕತ್ತರಿ ತೆಗೆದಳು. ಗೋಪುರ ಎರಡಾಯಿತು, ನವಿಲುಗಳು ಬೇರೆಬೇರೆಯಾದವು. ಕೆಲವು ತುಂಡುಗಳು ಮೇಲೆ ಬಂದವು, ಹೆಚ್ಚಿನವು ಒಳಪದರಕ್ಕೆ ಹೋದವು. ಅದರ ಮೇಲೆ ಈ ತುದಿಯಿಂದ ಆ ತುದಿಗೆ ದಪ್ಪ ದಾರದ ಉದ್ದನೆಯ ಸಾಲುಗಳು ಓಡಿದವು. ಹನ್ನೆರಡು ದಿನಕ್ಕೆ ಕೂಸು ಬಂದಿತು, ಹೆಣ್ಣು ಕೂಸು. ಕೌದಿಯ ಮೇಲೆ ಮಲಗಿತು.

ಚಿಗವ್ವನ ಬೆಳಕು ಪೂರ್ತಿ ಹೋದದ್ದೂ ಅದೇ ತಿಂಗಳು.

ಆಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಫೋನು ಬಂತು. ದೂರದ ಊರಿನವರು, ಹೆಸರು ಪ್ರಮೀಳಾಬಾಯಿ, ಹೊಲಿಗೆ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು.

"ನಿಮ್ಮ ಗೋಪುರ ಹಾಕಾಕ ಕುಂತೀನ್ರಿ," ಎಂದರು. "ಅರ್ಧಕ್ಕ ಬಂದು ನಿಂತೀನಿ. ಎಡಗಡಿ ಏರಿ ತುದಿಗೆ ಬಂದೆ. ಈಗ ಬಲಗಡಿಗೆ ಹೆಂಗ ದಾಟಲ್ರಿ?"

"ಹೆಂಗಂದ್ರ, ದಾರ ತೊಗೊಂಡು ಹೋಗೂದ್ರಿ."

"ದಾರೀನ ಇಲ್ಲಲ್ರಿ. ನಡುವ ಒಂದು ಗೆರಿ ಇರಬೇಕಾಗಿದ್ದು ಎರಡ ಅದಾವ. ಎರಡರ ನಡುವ ಒಂದು ಚೌಕ ಖಾಲಿ. ಮ್ಯಾಲಿಂದ ಕೆಳಗ ತನಕ. ಎಡಕ್ಕೂ ಬಲಕ್ಕೂ ಸಂಬಂಧಾನ ಇಲ್ಲ. ಗಂಟ ಹಾಕಿ ಹೊಸಾ ದಾರ ಹಿಡೀಬೇಕು, ಇಲ್ಲಾ ಬೆನ್ನಿಗೆ ದಾರ ಜಿಗಿಸಬೇಕು. ನಾ ಈ ಜನ್ಮದಾಗ ಗಂಟ ಹಾಕಿಲ್ರಿ."

ತೆರೆ ತೆಗೆದು ನೋಡಿದೆ. ಕನ್ನಡಿ ಗುಂಡಿ ಬಲ ಅರ್ಧವನ್ನು ಎಡದ ಪಕ್ಕಕ್ಕೆ ತಂದಿಟ್ಟಿತ್ತು, ನಡುಗೆರೆಯ ಮೇಲೆ ಕೂರಿಸಿರಲಿಲ್ಲ. ನಡುವೆ ಒಂದು ಬಿಳಿಯ ಸಂದು. ಗೋಪುರದ ಬಾಗಿಲಿನಿಂದ ಬೆಳಕು ಬಂದಂತೆ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ನಾನು ಆಗ ಮೆಚ್ಚಿಕೊಂಡಿದ್ದ ಸಂದು ಅದು. ಇಪ್ಪತ್ತೊಂದರಲ್ಲೂ ಇತ್ತು.

ನಾನು ಹೆದರಲಿಲ್ಲ. ಸಣ್ಣ ತಪ್ಪು, ಸಣ್ಣ ರಿಪೇರಿ. ಬಲ ಅರ್ಧಗಳನ್ನು ಒಂದೊಂದು ಚೌಕ ಒಳಗೆ ಸರಿಸಿ ರಾತ್ರಿಯ ಊಟದೊಳಗೆ ಎಲ್ಲವನ್ನೂ ಸರಿಮಾಡಿದೆ. ಗೋಪುರದ ಹೊಸ ಹಾಳೆಯನ್ನು ಅಚ್ಚು ಹಾಕಿ ಮಹಾದೇವಿಯ ಕೈಗೆ ಕೊಟ್ಟು, ಒಂದು ಚೂರು ಬಟ್ಟೆಯ ಮೇಲೆ ಹಾಕಿ ಕೊಡು ಎಂದೆ. ನಾಲ್ಕು ದಿನಕ್ಕೆ ಕೂಸಿನ ನಿದ್ದೆಯ ನಡುನಡುವೆ ಅವಳು ಅದನ್ನು ಮುಗಿಸಿದಳು. ನಾನೇ ಒಯ್ದು, ಖಾಲಿ ಚೌಕದ ಕತೆಯನ್ನು ನಗುತ್ತ ಹೇಳಿ, ಚಿಗವ್ವನ ಕೈಯಲ್ಲಿಟ್ಟೆ, ಬಹುಮಾನ ಕೊಡುವವನ ಹಾಗೆ.

ಅವಳು ಮಗುಚಿದಳು. ಕಾಣದಿದ್ದರೂ ಮಗುಚಿದಳು. ಬೆನ್ನಿನ ಮೇಲೆ ತೋರುಬೆರಳು ಎಡಗಡೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಏರಿತು, ಕಳಸ ಮುಟ್ಟಿತು, ಬಲಕ್ಕೆ ಇಳಿಯಿತು. ಮೂರನೆಯ ಮೆಟ್ಟಿಲಿನಲ್ಲಿ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಇಳಿಯಿತು. ಮತ್ತೆ ನಿಂತಿತು.

"ಮಹಾದೇವೀ, ಗೂಡು ಬಿಟ್ಟಿದಿಯಲ್ಲ ನೀ?"

"ಹಾಳ್ಯಾಗ ಇದ್ದದ್ದಷ್ಟು ಹಾಕೀನ್ರಿ ಅತ್ತಿ."

"ಯಾವ ಗೂಡು, ಚಿಗವ್ವಾ?" ಎಂದೆ.

ಅವಳು ತಲೆಯೆತ್ತಿ ನನ್ನ ದನಿ ಬಂದ ಕಡೆ ಮುಖ ಮಾಡಿದಳು. "ದೀಪದ ಗೂಡೋ. ಬಲಗಡಿ ಮೂರನೇ ಮೆಟ್ಟಿಲದಾಗ. ದಾರ ಅಲ್ಲೇ ಹಿಂದಕ್ಕ ಹೊಳ್ಳತೈತಿ. ಹೊಳ್ಳೂ ಜಾಗಾ ನಮ್ಮ ಮನಿ ಹೆಣ್ಣಮಕ್ಕಳು ಗುರುತು ಮಾಡಿಡತಿದ್ರು. ಗೋಪುರಕ್ಕ ಗೂಡು. ತುಳಸಿಕಟ್ಟಿಗೆ ಬಲಗಡಿ ಒಂದ ಎಲಿ ಕಮ್ಮಿ. ತೊಟ್ಟಿಲಕ್ಕ ಬಲಗಡಿ ಹಗ್ಗದಾಗ ಒಂದು ಹಕ್ಕಿ. ಒಂದೊಂದಕ್ಕ ಒಂದೊಂದು. ಬಲಗಡಿನೂ ನೋಡು ಅಂದಿದ್ನಲ್ಲೋ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಮರೆತದ್ದನ್ನು ನೆನಪಿಸುವ ದನಿಯಷ್ಟೇ ಇತ್ತು. ನನ್ನ ಮೊಬೈಲಿನಲ್ಲಿ ಇಪ್ಪತ್ತೊಂದು ಫೋಟೋಗಳಿದ್ದವು; ಇಪ್ಪತ್ತೊಂದರಲ್ಲಿಯೂ ಬಟ್ಟೆ ನಡುವೆ ಮಡಿಚಿತ್ತು, ಮಡಿಕೆಯ ಮೇಲೆ ಅವಳದೇ ಹೆಬ್ಬೆರಳಿತ್ತು.

ಮೂಲೆಯಲ್ಲಿ ಕೂಸು ಕೌದಿಯ ಮೇಲೆ ಮಲಗಿತ್ತು.

ನನಗೆ ಹೊಳೆದದ್ದು ಒಂದೇ. "ಬಿಚ್ಚೂಣು," ಎಂದೆ. "ಕೌದಿ ಬಿಚ್ಚೂಣು. ತುಂಡು ಎಲ್ಲಾ ಒಳಗ ಅದಾವ. ಜೋಡಿಸಿ ಫೋಟೋ ತೆಗೆದು, ಕೌದಿಯವಳನ್ನ ಕರಸಿ ಮತ್ತ ಹೊಲಿಸಿ ಕೊಡತೀನಿ. ಎರಡ ದಿನದ ಕೆಲಸ."

ಮಹಾದೇವಿಯ ಕೈ ಬಾಯಿಗೆ ಹೋಯಿತು. ಕೂಸು ಮಲಗಿದ ಕೌದಿಯನ್ನು ಬಿಚ್ಚಬಾರದು, ಕೂಸು ಅದನ್ನು ತಾನಾಗಿ ಬಿಡುವತನಕ ಅದಕ್ಕೆ ಕತ್ತರಿ ತಾಗಿಸಬಾರದು. ನಮ್ಮ ಓಣಿಯಲ್ಲಿ ಬುದ್ಧಿ ಬಂದವರಿಗೆಲ್ಲ ಗೊತ್ತಿದ್ದ ಮಾತು. ನನಗೂ ಗೊತ್ತಿತ್ತು.

"ಚಿಗವ್ವಾ, ಇದೊಂದು ಸಲ."

"ಸತ್ತವರ ನಮೂನಿ ಸಲುವಾಗಿ ಹುಟ್ಟಿದ ಕೂಸಿನ ಹಾಸಿಗಿ ಹರೀತಿಯೇನು?"

"ಹರಿಯೂದಲ್ಲ. ಬಿಚ್ಚೂದು."

"ಕೂಸಿಗೆ ಅದರ ಫರಕ್ ಗೊತ್ತಾಗೂದಿಲ್ಲೋ," ಎಂದಳು. ಆಮೇಲೆ ತಾನೇ ನಕ್ಕಳು, ಸಣ್ಣಗೆ. "ಹೋಗ್ಲಿ ಬಿಡು. ನನ್ನ ಬಾಯಿಲೆ ಹೇಳತೀನಿ. ಬರಕೋ."

ಮುಂದಿನ ಎರಡು ತಿಂಗಳು ನಾವು ಮಾಡಿದ್ದು ಅದನ್ನೇ. ಕೂಸು ಮಲಗಿದಾಗ ಚಿಗವ್ವ ಅದರ ಪಕ್ಕ ಕೂತು ಕೌದಿಯ ಮೇಲ್ಪದರದ ತುಂಡುಗಳನ್ನು ಬೆರಳಿನಿಂದ ಓದುತ್ತಿದ್ದಳು. ಕೌದಿಯ ದಪ್ಪ ದಾರ ಕಸೂತಿಯ ಸಣ್ಣ ದಾರವನ್ನು ತುಳಿದುಕೊಂಡು ಓಡಿತ್ತು. ಯಾವುದು ತಾಯಿಯದು, ಯಾವುದು ಕೌದಿಯವಳದು ಎಂದು ನನ್ನ ಕಣ್ಣಿಗೂ ಅವಳ ಬೆರಳಿಗೂ ತಿಳಿಯುತ್ತಿರಲಿಲ್ಲ. ಕೂಸು ಮಗ್ಗುಲಾದರೆ ಎಣಿಕೆ ತಪ್ಪುತ್ತಿತ್ತು. ಮೇಲೆ ಸಿಗದ್ದನ್ನು ಗಾಳಿಯಲ್ಲಿ ಸೂಜಿ ಹಿಡಿದಂತೆ ಕೈಮಾಡಿ ನೆನೆಯುತ್ತಿದ್ದಳು. ಬಲಗೈ ಏರುತ್ತಿತ್ತು, ಇಳಿಯುತ್ತಿತ್ತು, "ಐದು ಬಿಟ್ಟು ಆರು, ಅಲ್ಲಲ್ಲ, ನಾಲ್ಕು," ಎನ್ನುತ್ತಿದ್ದಳು. ನಾನು ಬರೆಯುತ್ತಿದ್ದೆ, ಅಳಿಸುತ್ತಿದ್ದೆ. ನಾನು ಒಂದೂ ಮಾತಾಡದೆ ಗಂಟೆಗಟ್ಟಲೆ ಕೂತ ದಿನಗಳು ಅವು. ಓಣಿಯಲ್ಲಿ ನನಗೆ ಜಡ್ಡು ಎಂದು ಸುದ್ದಿಯಾಯಿತು. ಇದು ಉತ್ಪ್ರೇಕ್ಷೆಯಲ್ಲ, ಇಬ್ಬರು ನೋಡಲು ಬಂದಿದ್ದರು.

ಅವಳು ಹಿಂದೆ ಹಾಕಿಕೊಟ್ಟ ಸೀರೆಗಳನ್ನೂ ಮನೆಮನೆಗೆ ಹೋಗಿ ಕೇಳಿದೆ; ನನ್ನ ತಾಯಿಯದೂ ಸೇರಿ ಕೆಲವು ಹರಿದು ಕೌದಿಯಾಗಿದ್ದವು, ಉಳಿದವು ಪಾತ್ರೆಯವನ ಪಾಲಾಗಿದ್ದವು. ಏಳು ಸಿಕ್ಕವು. ಗೋಪುರ, ತೊಟ್ಟಿಲು, ತುಳಸಿಕಟ್ಟೆ, ಮತ್ತೆ ನಾಲ್ಕು. ಹದಿನಾಲ್ಕರ ಬಲಗಡೆ ಸಿಗಲಿಲ್ಲ. ಅಂಬಾರಿಯ ಹತ್ತಿರ ಅವಳ ಕೈ ಗಾಳಿಯಲ್ಲಿ ನಿಂತೇಬಿಟ್ಟಿತು.

"ಅವ್ವ ಇಲ್ಲೇನೋ ಮಾಡತಿದ್ಳು," ಎಂದಳು. "ಏನೋ ಮಾಡತಿದ್ಳು. ನೋಡಿದ್ರ ಗೊತ್ತಾಗತಿತ್ತು."

ಹದಿನಾಲ್ಕನ್ನು ಆನ್‌ಲೈನ್ ಅಂಗಡಿಯಿಂದ ತೆಗೆದೆ, ಏಳನ್ನು ಸರಿಯಾಗಿ ಇಟ್ಟೆ. ಕೊಂಡವರಿಗೆಲ್ಲ ಇಮೇಲಿನಲ್ಲಿ ಕಾಗದ ಬರೆದೆ: ಹಳೆಯದನ್ನು ದಯಮಾಡಿ ಬಿಡಿ, ಇದನ್ನು ಹಾಕಿ. ಪ್ರಮೀಳಾಬಾಯಿಯವರು ಬಿಟ್ಟರು. ಇನ್ನೂ ಹತ್ತಿಪ್ಪತ್ತು ಜನ ಉತ್ತರ ಕೊಟ್ಟರು. ಉಳಿದವರು ನನ್ನ ಕಾಗದವನ್ನು ತೆರೆಯಲಿಲ್ಲ. ಅಷ್ಟರಲ್ಲಿ ಹಳೆಯ ಕಟ್ಟು ಕೈಯಿಂದ ಕೈಗೆ ಹೊರಟು ಹೋಗಿತ್ತು. ಯಾರೋ ಬಂಗಾರದ ಬಳ್ಳಿಯನ್ನೂ ಚಿಗವ್ವನ ಹೆಸರನ್ನೂ ಕತ್ತರಿಸಿ ತಮ್ಮ ಹೆಸರಿನಲ್ಲಿ ಮಾರುತ್ತಿದ್ದರು. ಇನ್ನಾರೋ ಪುಕ್ಕಟೆ ಹಂಚುತ್ತಿದ್ದರು, ಪುಣ್ಯದ ಕೆಲಸವೆಂದು. ಅವರಿಗೆ ಬರೆದೆ. ಒಬ್ಬ, "ನಿಮ್ಮದೆಂದು ಏನು ಗುರುತು?" ಎಂದು ಕೇಳಿದ. ಗುರುತುಗಳನ್ನೆಲ್ಲ ನಾನೇ ಮಡಿಚಿ ಒಳಗೆ ಹಾಕಿದ್ದೆನಲ್ಲ. ಮಾರಿದ್ದನ್ನು ವಾಪಸು ತೆಗೆದುಕೊಳ್ಳಲು ಬರುತ್ತದೆಯೇ ಎಂದು ಕೇಳಿದ ಹೆಂಗಸು ಎರಡು ಮನೆಯಾಚೆ ಕತ್ತಲಲ್ಲಿ ಕೂತಿದ್ದಳು. ನಾನು ಒಂದು ಗುಂಡಿ ಒತ್ತಿ ನನ್ನ ಅಂಗಡಿಯಿಂದ ಹಳೆಯ ಕಟ್ಟನ್ನು ಅಳಿಸಿಹಾಕಿದ್ದೆ. ನನ್ನಲ್ಲಿ ಇರಲಿಲ್ಲ. ಉಳಿದ ಎಲ್ಲರಲ್ಲೂ ಇತ್ತು.

ಕೂಸಿಗೆ ನಾಲ್ಕು ತುಂಬಿದಾಗ ಅದು ಕೌದಿಯನ್ನು ಕಾಲಿನಿಂದ ಒದ್ದು, ಚುಚ್ಚುತ್ತದೆ, ಬೇಡ ಎಂದಿತು. ಚಿಗವ್ವ ನನ್ನನ್ನು ಕರೆಸಿ, "ಈಗ ಬಿಚ್ಚು," ಎಂದಳು. ಅಂಗಳದಲ್ಲಿ ಕೂತು ನಾನೂ ಮಹಾದೇವಿಯೂ ಬಿಚ್ಚಿದೆವು. ನಾಲ್ಕು ವರ್ಷದ ಉಚ್ಚೆ, ಬಿಸಿಲು, ಸೋಪಿನ ನೀರು, ಒಗೆಯುವ ಕಲ್ಲು ಎಲ್ಲವನ್ನೂ ಕೌದಿ ತನ್ನ ಧರ್ಮದಂತೆ ಉಂಡಿತ್ತು. ಒಳಗಿನ ಚಂದ್ರಕಾಳಿ ಬೂದಿಯ ಬಣ್ಣವಾಗಿ, ಹಿಡಿದಲ್ಲಿ ಕೈಗೆ ಬರುತ್ತಿತ್ತು. ಕಸೂತಿಯ ದಾರ ಇರಲಿಲ್ಲ. ಒಂದು ತುಂಡನ್ನು ಬಿಸಿಲಿಗೆ ಹಿಡಿದಾಗ ಸೂಜಿ ಹೋದ ತೂತುಗಳು ಕಂಡವು, ಬರಿಯ ತೂತುಗಳು, ಯಾವುದರಿಂದ ಯಾವುದಕ್ಕೆ ದಾರ ಹೋಗಿತ್ತೋ ಹೇಳುವವರಿಲ್ಲದೆ.

"ಏನರ ಐತೇನೋ?" ಎಂದು ಒಳಗಿನಿಂದ ಕೇಳಿದಳು.

ಅಂದು ನಾನು ಸುಳ್ಳು ಹೇಳಲಿಲ್ಲ. "ಇಲ್ಲ, ಚಿಗವ್ವಾ," ಎಂದೆ.

"ಕೂಸು ಚೊಲೋ ನಿದ್ದಿ ಮಾಡತಿತ್ತು ಅದರ ಮ್ಯಾಲ," ಎಂದಳು.

ಇದಾದ ಮೇಲೆ ಎಷ್ಟು ಕಾಲವಾಯಿತೋ, ಒಂದು ದಿನ ಮಹಾದೇವಿ ಮದುವೆಯೊಂದರಿಂದ ಆಹೇರಿ ಸೀರೆ ತಂದಳು. ನಾನು ಚಿಗವ್ವನ ಜೊತೆ ಚಹಾ ಕುಡಿಯುತ್ತ ಕೂತಿದ್ದೆ. ಕಪ್ಪು ಸೀರೆ, ಅಂಚಿನುದ್ದಕ್ಕೂ ಕೆಂಪು ಬಿಳಿಯ ಗೋಪುರಗಳು, ಯಂತ್ರದಲ್ಲಿ ಹಾಕಿದ್ದು. ಒಂದರ ಹಾಗೆ ಇನ್ನೊಂದು. ದೂರದಿಂದಲೇ ನನಗೆ ಗುರುತು ಸಿಕ್ಕಿತು. ನಟ್ಟನಡುವೆ, ಕಳಸದಿಂದ ಬುಡದವರೆಗೆ, ಒಂದು ಚೌಕದಗಲದ ಖಾಲಿ ಸಂದು.

"ಭಾರೀ ಹಳೀ ನಮೂನಿ ಅಂತ್ರಿ ಅತ್ತಿ," ಎಂದಳು ಮಹಾದೇವಿ. "ಮದವಿ ಮನ್ಯಾಗ ಹತ್ತು ಮಂದಿ ಇದನ್ನ ಉಟ್ಟಿದ್ರು. ಅಂಗಡಿಯವರು ಹೇಳ್ಯಾರಂತ, ಗೋಪುರ ಅಂದ್ರ ಹಿಂಗ ಇರಬೇಕು, ನಡುವ ಬೆಳಕಿನ ದಾರಿ ಬಿಡೂದು ಅಸಲೀ ಪದ್ಧತಿ ಅಂತ."

ಜೀವಮಾನದಲ್ಲಿ ನಾನು ಆಡಿದ ದೊಡ್ಡ ಮಾತುಗಳಲ್ಲಿ ಒಂದು ಮಾತ್ರ ನಿಜವಾಗಿತ್ತು. ಒಂದು ಲಕ್ಷ ಮಂದಿ ಹಾಕತಾರ, ಬರದಿಟ್ಟುಕೋ. ಇದನ್ನು ಮಾಡಿದವನು ನಾನು ಎಂದು ನಾನು ಇದುವರೆಗೆ ಎಲ್ಲಿಯೂ ಹೇಳಿಕೊಂಡಿಲ್ಲ.

"ಕೊಡು ಇಲ್ಲೆ," ಎಂದು ಚಿಗವ್ವ ಕೈಚಾಚಿದಳು.

ಕೊಡಬೇಡ ಎಂದು ನಾನು ಮಹಾದೇವಿಗೆ ಕಣ್ಣು ಮಾಡಿದೆ. ಅವಳಿಗೆ ಅರ್ಥವಾಗಲಿಲ್ಲ, ಅವಳ ಕಣ್ಣಿಗೆ ಅದು ಬರಿಯ ಸೀರೆ. ಚಿಗವ್ವ ಸೀರೆಯನ್ನು ಮಡಿಲಿಗೆ ಹಾಕಿಕೊಂಡಳು, ಎರಡು ಬೆರಳಿನಿಂದ ಅಂಚು ಹಿಡಿದು ಮಗುಚಿದಳು. ಬೆನ್ನಿನ ತುಂಬ ಕತ್ತರಿಸಿ ಬಿಟ್ಟ ದಾರದ ತುದಿಗಳು. ಅವುಗಳ ನಡುವೆ ದಾರಿ ಮಾಡಿಕೊಂಡು ಬೆರಳು ಎಡಗಡೆಯ ಮೆಟ್ಟಿಲು ಏರಿತು. ಒಂದು, ಎರಡು, ಮೂರು. ಕಳಸದ ತನಕ ಏರಿ, ಬಲಕ್ಕೆ ಹೊರಳಿ, ಖಾಲಿ ಚೌಕದ ಅಂಚಿಗೆ ಬಂದು ನಿಂತಿತು.

ನಾನು ಚಹಾದ ಬಟ್ಟಲನ್ನು ಕೆಳಗಿಟ್ಟೆ.

"ಇದು ನಿಂದು," ಎಂದಳು ಚಿಗವ್ವ.

"ಯಾರದರ ಗುರುತು ಉಳೀಬೇಕಲ್ಲ," ಎಂದು ತನಗೇ ಹೇಳಿಕೊಂಡಂತೆ ಹೇಳಿದಳು. "ನಿಂದು ಉಳೀತು ನೋಡು."

ಬೆರಳು ಅಲ್ಲಿಂದ ಏಳಲಿಲ್ಲ. ಹೊಳೆಯ ಈ ದಂಡೆಗೆ ಬಂದವರು ಆಚೆಯ ದಂಡೆ ನೋಡುತ್ತ ನಿಂತ ಹಾಗೆ, ದಾರವಿಲ್ಲದ ಆ ಒಂದು ಚೌಕದ ಮುಂದೆ ಅದು ಸುಮ್ಮನೆ ನಿಂತೇ ಇತ್ತು.